ಕಾರಿನ ರಿಮೋಟ್ ಕೀ ಕೆಲಸ ನಿಲ್ಲಿಸಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ರಿಮೋಟ್ ಕೀ ಕೈಕೊಟ್ಟಾಗ ಹೆಚ್ಚಿನವರು ಗುಂಡಿಯನ್ನು ಇನ್ನಷ್ಟು ಬಲವಾಗಿ ಒತ್ತಿ ನೋಡುತ್ತಾರೆ, ಅದಕ್ಕೂ ಬಗ್ಗದಿದ್ದರೆ ಹೊಸ ಕೀ ಮಾಡಿಸಲು ಹೊರಡುತ್ತಾರೆ. ಒತ್ತಿ ಒತ್ತಿ ಗುಂಡಿ ಹಾಳಾಗುತ್ತದೆ, ಹೊಸ ಕೀಯಿಂದ ಕೈಯಲ್ಲಿದ್ದ ಹಣ ಹೋಗುತ್ತದೆ. ಹತ್ತು ನಿಮಿಷ ಸಮಾಧಾನದಿಂದ ಕೂತು ಪರೀಕ್ಷಿಸಿದರೆ ದೋಷ ಎಲ್ಲಿದೆ ಎಂಬುದು ಬಹುತೇಕ ಸಲ ಗೊತ್ತಾಗಿಬಿಡುತ್ತದೆ. ಗೊಂದಲವಾಗದಿರಲೆಂದು ಇಲ್ಲಿ ಕೀಯೊಳಗಿನ ನಾಣ್ಯದಂಥ ಪುಟ್ಟ ಕೋಶವನ್ನು ‘ಸೆಲ್’ ಎಂದೂ, ಕಾರಿನ 12 ವೋಲ್ಟಿನದನ್ನು ‘ಬ್ಯಾಟರಿ’ ಎಂದೂ ಕರೆದಿದ್ದೇನೆ.

ಗುಂಡಿ ಒತ್ತಿದರೂ ಕಾರು ಸುಮ್ಮನಿದೆ. ಮೊದಲು ಏನು ನೋಡಬೇಕು?

ಎರಡನೆಯ ಕೀ ಇದ್ದರೆ ಅದನ್ನು ತಂದು ಒತ್ತಿ ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಎರಡನೆಯ ಕೀಗೆ ಕಾರು ಓಗೊಟ್ಟರೆ ದೋಷ ಮೊದಲನೆಯ ಕೀಯಲ್ಲಿದೆ ಎಂದರ್ಥ. ಎರಡಕ್ಕೂ ಓಗೊಡದಿದ್ದರೆ ಎರಡು ಕೀಗಳು ಒಂದೇ ದಿನ ಕೆಟ್ಟಿರುವ ಸಂಭವ ತೀರ ಕಡಿಮೆಯಾದ್ದರಿಂದ, ಕಾರಿನ ಬ್ಯಾಟರಿ, ಕಾರಿನೊಳಗಿನ ಸಂಕೇತಗ್ರಾಹಕ, ಅದರ ಫ್ಯೂಸ್ ಅಥವಾ ಆ ಜಾಗದ ರೇಡಿಯೊ ಅಡಚಣೆಯ ಕಡೆಗೆ ಗಮನ ಹರಿಸಬೇಕು. ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಎರಡನೆಯ ಕೀಯ ಸೆಲ್ ತಾನೇ ತಾನಾಗಿ ಇಳಿದಿರಬಹುದು ಎಂಬುದೊಂದನ್ನು ಮಾತ್ರ ಮರೆಯಬಾರದು. ಅದಕ್ಕೆ ಹೊಸ ಸೆಲ್ ಹಾಕಿಯೇ ಪರೀಕ್ಷಿಸಿದರೆ ತೀರ್ಮಾನ ಗಟ್ಟಿಯಾಗುತ್ತದೆ.

ಎರಡನೆಯ ಕೀ ಕೈಯಲ್ಲಿಲ್ಲದಿದ್ದರೆ ಕೀಯ ಮೇಲಿನ ಚಿಕ್ಕ ದೀಪವನ್ನು ನೋಡಿ. ಗುಂಡಿ ಒತ್ತಿದಾಗ ಅದು ಎಂದಿನಂತೆ ಮಿನುಗಿದರೆ ಸೆಲ್ಲಿನಲ್ಲಿ ಸ್ವಲ್ಪವಾದರೂ ಜೀವವಿದೆ. ಮಿನುಗದಿದ್ದರೆ ಸೆಲ್, ಅದರ ಸಂಪರ್ಕ ಅಥವಾ ಗುಂಡಿ, ಈ ಮೂರರಲ್ಲೊಂದು ಕೆಟ್ಟಿದೆ. ಹಾಗೆಯೇ ಕಾರಿನ ಸುತ್ತ ಒಂದು ಸುತ್ತು ಬನ್ನಿ. ಒಂದು ಬಾಗಿಲು ಸರಿಯಾಗಿ ಮುಚ್ಚಿಲ್ಲದಿದ್ದರೆ, ಡಿಕ್ಕಿ ಅರ್ಧ ತೆರೆದಿದ್ದರೆ, ಇಗ್ನಿಷನ್ನಿನಲ್ಲಿ ಇನ್ನೊಂದು ಕೀ ಉಳಿದಿದ್ದರೆ ಅಥವಾ ಎರಡನೆಯ ಕೀ ಸೀಟಿನ ಮೇಲಿನ ಚೀಲದಲ್ಲೇ ಇದ್ದರೆ, ಅನೇಕ ಕಾರುಗಳು ಹೊರಗಿನಿಂದ ಬಂದ ಬೀಗದ ಆಜ್ಞೆಯನ್ನು ಬೇಕೆಂದೇ ತಿರಸ್ಕರಿಸುತ್ತವೆ. ಅದು ದೋಷವಲ್ಲ, ಕೀ ಒಳಗೇ ಸಿಕ್ಕಿಬೀಳದಿರಲೆಂದು ಮಾಡಿದ ಏರ್ಪಾಡು.

ಒಂದೇ ಕೀಯಲ್ಲಿ ಕೆಲವು ಕೆಲಸ ಆಗುತ್ತವೆ, ಕೆಲವು ಆಗುವುದಿಲ್ಲ. ಇದು ಹೇಗೆ ಸಾಧ್ಯ?

ನಾವು ಒಂದು ಎಂದುಕೊಳ್ಳುವ ಕೀಯ ಚಿಪ್ಪಿನೊಳಗೆ ಒಂದಕ್ಕೊಂದು ಸಂಬಂಧವಿಲ್ಲದೆ ದುಡಿಯುವ ಮೂರು ಸಾಧನಗಳಿವೆ. ಇದನ್ನು ತಿಳಿದುಕೊಂಡರೆ ಮುಂದಿನ ಎಲ್ಲ ಉತ್ತರಗಳೂ ಸುಲಭವಾಗುತ್ತವೆ.

ಮೊದಲನೆಯದು ಲೋಹದ ಕೀ. ಮಡಚುವ ಮಾದರಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳ ಕೀಯಲ್ಲಿ ಚಿಪ್ಪಿನೊಳಗೆ ಅಡಗಿರುತ್ತದೆ. ಇದಕ್ಕೆ ವಿದ್ಯುತ್ತೇ ಬೇಡ. ಎರಡನೆಯದು ರೇಡಿಯೊ ಪ್ರೇಷಕ. ಬಾಗಿಲು ತೆರೆಯುವ, ಮುಚ್ಚುವ ಆಜ್ಞೆಯನ್ನು ಅದು ಪ್ರದೇಶಕ್ಕೆ ಅನುಗುಣವಾಗಿ ಬಹುಮಟ್ಟಿಗೆ 315 ಅಥವಾ 433.92 ಮೆಗಾಹರ್ಟ್ಸ್ ಆವರ್ತನದಲ್ಲಿ ಕಳಿಸುತ್ತದೆ. ಸೆಲ್ ಬೇಕಾಗಿರುವುದು ಇದಕ್ಕೇ. ಮೂರನೆಯದು ಟ್ರಾನ್ಸ್‌ಪಾಂಡರ್ ಎಂಬ ಕಿರಿದಾದ ಚಿಪ್. ಎಂಜಿನ್ ಚಾಲೂ ಆಗಲು ಅನುಮತಿ ಕೊಡುವ ಇಮ್ಮೊಬಿಲೈಜರ್ ವ್ಯವಸ್ಥೆಗೆ ತನ್ನ ಗುರುತು ಹೇಳುವುದು ಇದರ ಕೆಲಸ. ಕಾರಿನಲ್ಲಿರುವ ತಂತಿಸುರುಳಿ ಸುಮಾರು 125 ಕಿಲೋಹರ್ಟ್ಸ್ ಆವರ್ತನದ ಕಾಂತಕ್ಷೇತ್ರವನ್ನು ಎಬ್ಬಿಸುತ್ತದೆ, ಆ ಕ್ಷೇತ್ರದಿಂದಲೇ ಚಿಪ್ ತನಗೆ ಬೇಕಾದಷ್ಟು ಶಕ್ತಿಯನ್ನು ಹೀರಿಕೊಂಡು ಉತ್ತರ ಕೊಡುತ್ತದೆ. ಸೆಲ್ ಪೂರ್ತಿ ಸತ್ತಿದ್ದರೂ ಇದು ಬದುಕಿರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ 1998ರಿಂದಲೇ ಇಮ್ಮೊಬಿಲೈಜರ್ ಕಡ್ಡಾಯವಾಗಿದೆ.

ಆದ್ದರಿಂದ ‘ಕೀ ಕೆಟ್ಟಿದೆ’ ಎನ್ನುವ ಮೊದಲು ಈ ಮೂವರಲ್ಲಿ ಯಾರು ಕೆಲಸ ನಿಲ್ಲಿಸಿದ್ದಾರೆ ಎಂದು ಕೇಳಿಕೊಳ್ಳಬೇಕು. ಬಾಗಿಲು ತೆರೆಯದೆ ಎಂಜಿನ್ ಮಾತ್ರ ಚಾಲೂ ಆಗುತ್ತಿದ್ದರೆ ಅನುಮಾನ ಸೆಲ್ ಅಥವಾ ಪ್ರೇಷಕದ ಮೇಲೆ. ಬಾಗಿಲು ತೆರೆದು ಎಂಜಿನ್ ಮಾತ್ರ ಚಾಲೂ ಆಗದಿದ್ದರೆ ಸೆಲ್ ಬದಲಿಸಿ ಪ್ರಯೋಜನವಾಗುವುದು ಅಪರೂಪ.

ಸೆಲ್ ಸತ್ತಿದೆ, ಕಾರಿನ ಹೊರಗೆ ನಿಂತಿದ್ದೇನೆ. ಒಳಗೆ ಹೋಗುವುದು ಹೇಗೆ?

ಗುಂಡಿ ಒತ್ತುವ ಮಾದರಿಯ ಕೀಯ ಒಂದು ಬದಿಯಲ್ಲಿ ಅಥವಾ ತುದಿಯಲ್ಲಿ ಪುಟ್ಟದೊಂದು ಕೊಕ್ಕೆ ಇರುತ್ತದೆ. ಅದನ್ನು ಸರಿಸಿ ಹಿಡಿದು ಎಳೆದರೆ ಒಳಗಿನ ಲೋಹದ ಕೀ ಹೊರಬರುತ್ತದೆ. ಚಾಲಕನ ಬಾಗಿಲಿನ ಹಿಡಿಯ ಬಳಿ ಕೀಲಿರಂಧ್ರ ಕಾಣದಿದ್ದರೆ ಗಾಬರಿಯಾಗಬೇಡಿ. ಅನೇಕ ಕಾರುಗಳಲ್ಲಿ ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳವಿರುತ್ತದೆ, ಆ ಮುಚ್ಚಳದ ಅಡಿಯಲ್ಲಿರುವ ಸೀಳಿಗೆ ಕೀಯ ತುದಿಯನ್ನೇ ತೂರಿಸಿ ಮೆಲ್ಲಗೆ ಮೀಟಿದರೆ ಅದು ಕಳಚಿಕೊಳ್ಳುತ್ತದೆ. ವರ್ಷಗಟ್ಟಲೆ ಬಳಸದ ಬೀಗ ಬಿಗಿಯಾಗಿರುವುದು ಸಹಜ. ಕೀ ತೆಳುವಾಗಿರುವುದರಿಂದ ಬಲವಂತ ಮಾಡಿದರೆ ಬಾಗುತ್ತದೆ, ತುಂಡಾಗಲೂಬಹುದು. ಒಣ ಲೂಬ್ರಿಕೆಂಟ್ ಸಿಂಪಡಿಸಿ ಆಚೀಚೆ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು.

ಹೀಗೆ ಲೋಹದ ಕೀಯಿಂದ ಬಾಗಿಲು ತೆರೆದಾಗ ಕಳ್ಳತನದ ಅಲಾರಂ ಬಡಿದುಕೊಳ್ಳಬಹುದು, ಏಕೆಂದರೆ ರೇಡಿಯೊ ಆಜ್ಞೆಯಿಲ್ಲದೆ ಬಾಗಿಲು ತೆರೆದದ್ದಷ್ಟೇ ಕಾರಿಗೆ ಗೊತ್ತು. ಮುಂದಿನ ಉತ್ತರದಲ್ಲಿ ಹೇಳಿದಂತೆ ಕಾರಿಗೆ ಕೀಯ ಗುರುತು ಸಿಕ್ಕ ಕೂಡಲೇ ಅದು ನಿಲ್ಲುತ್ತದೆ. ಸುತ್ತಲಿನವರು ತಿರುಗಿ ನೋಡುತ್ತಾರೆಂದು ಅವಸರಪಡಬೇಕಾಗಿಲ್ಲ.

ಒಳಗೆ ಕೂತರೂ ‘ಕೀ ಕಾಣುತ್ತಿಲ್ಲ’ ಎಂದು ಪರದೆ ಹೇಳುತ್ತಿದೆ. ಎಂಜಿನ್ ಚಾಲೂ ಮಾಡಲು ದಾರಿಯಿದೆಯೇ?

ಖಂಡಿತ ಇದೆ. ಸೆಲ್ ಇಲ್ಲದೆಯೂ ಟ್ರಾನ್ಸ್‌ಪಾಂಡರ್ ಚಿಪ್ ಮಾತನಾಡಬಲ್ಲದು, ಆದರೆ ಕೆಲವೇ ಸೆಂಟಿಮೀಟರ್ ದೂರದವರೆಗೆ ಮಾತ್ರ. ಹಾಗಾಗಿ ಕೀಯನ್ನು ಕಾರಿನ ತಂತಿಸುರುಳಿಗೆ ತಾಗುವಷ್ಟು ಹತ್ತಿರ ಒಯ್ಯಬೇಕು. ಎಷ್ಟೋ ಕಾರುಗಳಲ್ಲಿ ಆ ಸುರುಳಿ ಸ್ಟಾರ್ಟ್ ಗುಂಡಿಯ ಒಳಗೇ ಇರುತ್ತದೆ. ಬ್ರೇಕ್ ತುಳಿದು, ಕೀಯನ್ನು ಗುಂಡಿಗೆ ಒತ್ತಿ ಹಿಡಿದು, ಅಥವಾ ಕೀಯಿಂದಲೇ ಗುಂಡಿಯನ್ನು ಒತ್ತಿದರೆ ಎಂಜಿನ್ ಚಾಲೂ ಆಗುತ್ತದೆ. ಕೆಲವು ಕಾರುಗಳಲ್ಲಿ ಅದು ಸ್ಟೀರಿಂಗ್ ಕಂಬದ ಬದಿಯಲ್ಲಿ, ಕೆಲವುಗಳಲ್ಲಿ ಲೋಟ ಇಡುವ ಗುಳಿಯ ತಳದಲ್ಲಿ, ಇನ್ನು ಕೆಲವುಗಳಲ್ಲಿ ನಡುವಿನ ಪೆಟ್ಟಿಗೆಯೊಳಗಿನ ಪ್ರತ್ಯೇಕ ಗೂಡಿನಲ್ಲಿರುತ್ತದೆ. ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂಬುದು ಕಾರಿನ ಕೈಪಿಡಿಯಲ್ಲಿ ಚಿತ್ರಸಮೇತ ಇರುತ್ತದೆ. ಎಲ್ಲವೂ ಸರಿಯಿರುವ ದಿನವೇ ಆ ಪುಟವನ್ನು ತೆರೆದು, ಒಮ್ಮೆ ಸೆಲ್ ತೆಗೆದು ಪ್ರಯೋಗ ಮಾಡಿ ನೋಡಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಕತ್ತಲಲ್ಲಿ, ಮಳೆಯಲ್ಲಿ, ಅಳುವ ಮಗುವನ್ನು ಎತ್ತಿಕೊಂಡು ಆ ಪುಟ ಹುಡುಕುವ ಪಾಡು ಯಾರಿಗೂ ಬೇಡ.

ಕೀ ತಿರುಗಿಸುವ ಕಾರಿನಲ್ಲಿ ಕೀ ಒಳಹೋಗಿಯೂ ತಿರುಗದಿದ್ದರೆ ಅದು ಹೆಚ್ಚಾಗಿ ಸ್ಟೀರಿಂಗ್ ಬೀಗದ ಬಿಗಿ. ಸ್ಟೀರಿಂಗನ್ನು ಎಡಬಲಕ್ಕೆ ಅಲುಗಿಸುತ್ತಾ ಕೀ ತಿರುಗಿಸಿದರೆ ಸಡಿಲಗೊಳ್ಳುತ್ತದೆ.

ಸೆಲ್ ಮುಗಿಯುತ್ತಾ ಬಂದಿದೆ ಎಂದು ಗೊತ್ತಾಗುವುದು ಹೇಗೆ?

ದೂರ ಕುಗ್ಗುವುದೇ ಮೊದಲ ಲಕ್ಷಣ. ಕಳೆದ ವರ್ಷ ಅಂಗಳದಾಚೆಯಿಂದ ತೆರೆಯುತ್ತಿದ್ದ ಕಾರು ಈಗ ನಾಲ್ಕು ಹೆಜ್ಜೆ ಹತ್ತಿರ ಬಂದರೆ ಮಾತ್ರ ತೆರೆಯುತ್ತದೆ. ಎರಡು ಮೂರು ಸಲ ಒತ್ತಬೇಕಾಗುತ್ತದೆ. ಚಳಿಯ ಬೆಳಗಿನಲ್ಲಿ ಕೈಕೊಟ್ಟದ್ದು ಮಧ್ಯಾಹ್ನ ಸರಿಹೋಗುತ್ತದೆ. ಚಳಿಯಲ್ಲಿ ಸೆಲ್ಲಿನ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುವುದರಿಂದ ದುರ್ಬಲ ಸೆಲ್ ಅಂಥ ಹೊತ್ತಿನಲ್ಲೇ ಸಿಕ್ಕಿಬೀಳುತ್ತದೆ.

ಮಲ್ಟಿಮೀಟರ್ ಇದ್ದವರು ಅಳೆದು ನೋಡಬಹುದು. ಹೊಸ ಲಿಥಿಯಂ ಸೆಲ್ 3 ವೋಲ್ಟಿಗಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಆದರೆ ಬರೀ ಮೀಟರಿನ ಅಂಕಿಯನ್ನು ನಂಬಿ ‘ಸೆಲ್ ಚೆನ್ನಾಗಿದೆ’ ಎಂದು ತೀರ್ಮಾನಿಸುವುದು ತಪ್ಪು. ಈ ಜಾತಿಯ ಸೆಲ್ ತನ್ನ ಆಯುಸ್ಸಿನ ಬಹುಭಾಗ 3 ವೋಲ್ಟಿನ ಆಸುಪಾಸಿನಲ್ಲೇ ನಿಂತಿರುತ್ತದೆ, ಕೊನೆಯಲ್ಲಿ ಮಾತ್ರ ಥಟ್ಟನೆ ಇಳಿಯುತ್ತದೆ. ಜೊತೆಗೆ ಹಳತಾದಂತೆ ಅದರ ಆಂತರಿಕ ರೋಧ ಹೆಚ್ಚುವುದರಿಂದ, ಸುಮ್ಮನಿದ್ದಾಗ 2.9 ವೋಲ್ಟ್ ತೋರಿಸುವ ಸೆಲ್ ಪ್ರೇಷಕ ಸಂಕೇತ ಕಳಿಸುವ ಕ್ಷಣದಲ್ಲಿ ಕುಸಿದುಬೀಳಬಹುದು. 3 ವೋಲ್ಟಿಗಿಂತ ಎದ್ದು ಕಾಣುವಷ್ಟು ಕೆಳಗಿದ್ದರೆ ಯೋಚಿಸದೆ ಬದಲಿಸಿ. ಅದಕ್ಕಿಂತ ಮೇಲಿದ್ದೂ ಲಕ್ಷಣಗಳು ಕಂಡರೆ ಆಗಲೂ ಬದಲಿಸಿ, ಏಕೆಂದರೆ ಇಡೀ ಪರೀಕ್ಷೆಯಲ್ಲಿ ಅತ್ಯಂತ ಅಗ್ಗದ ಭಾಗ ಅದೇ.

ಯಾವ ಸೆಲ್ ಹಾಕಬೇಕು? 2032ರ ಬದಲು 2025 ನಡೆಯುತ್ತದೆಯೇ?

ಹಳೆಯ ಸೆಲ್ಲಿನ ಬೆನ್ನಿನ ಮೇಲೆ ಕೆತ್ತಿರುವ ಸಂಖ್ಯೆಯನ್ನು ಓದಿ, ಅದನ್ನೇ ತನ್ನಿ. ಆ ಸಂಖ್ಯೆ ಅಳತೆಯನ್ನೇ ಹೇಳುತ್ತದೆ: ಸಿಆರ್ 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್ 2025 ಅಷ್ಟೇ ಅಗಲವಿದ್ದರೂ 2.5 ಮಿಲಿಮೀಟರ್ ಮಾತ್ರ ದಪ್ಪ. ಸಿಆರ್ 1632ರ ಅಗಲ 16 ಮಿಲಿಮೀಟರ್, ಸಿಆರ್ 2450ರದು 24.5. ಇವೆಲ್ಲವೂ 3 ವೋಲ್ಟಿನವೇ ಆದ್ದರಿಂದ ತೆಳ್ಳನೆಯದನ್ನು ಹಾಕಿದರೆ ಕೀ ಸುಡುವುದಿಲ್ಲ, ಆದರೆ ಸಂಪರ್ಕ ಸಡಿಲವಾಗಿ ಒಮ್ಮೆ ಕೆಲಸ ಮಾಡಿ ಒಮ್ಮೆ ನಿಲ್ಲುತ್ತದೆ. ದಪ್ಪನೆಯದನ್ನು ತುರುಕಿದರೆ ಸಂಪರ್ಕದ ತಗಡು ಶಾಶ್ವತವಾಗಿ ಬಾಗಿಬಿಡುತ್ತದೆ. ಇದರಲ್ಲಿ ರಾಜಿ ಬೇಡ.

ಸೆಲ್ ಬದಲಿಸುವ ಸರಿಯಾದ ಕ್ರಮ ಯಾವುದು?

ಮೊದಲು ಲೋಹದ ಕೀಯನ್ನು ಹೊರತೆಗೆಯಿರಿ. ಅದರ ಗೂಡಿನಲ್ಲೇ ಚಿಪ್ಪನ್ನು ಬಿಡಿಸುವ ಸೀಳು ಇರುವುದು ಸಾಮಾನ್ಯ. ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ, ಸೀಳಿನಲ್ಲಿಟ್ಟು ತಿರುಚಿದರೆ ಚಿಪ್ಪು ಗೀರುಬೀಳದೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಕೂಡಲೇ ಒಂದು ಫೋಟೊ ತೆಗೆದುಕೊಳ್ಳಿ. ಯಾವ ಮುಖ ಮೇಲಿತ್ತು, ರಬ್ಬರಿನ ಹಾಳೆ ಹೇಗಿತ್ತು ಎಂಬುದು ಐದು ನಿಮಿಷದ ನಂತರ ನೆನಪಿರುವುದಿಲ್ಲ. ಹಳೆಯ ಸೆಲ್ಲನ್ನು ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಿಂದ ಎಬ್ಬಿಸಿ. ಲೋಹದ ತುದಿಯಿಂದ ಮೀಟಿದರೆ ಪಕ್ಕದ ಬಿಡಿಭಾಗಗಳು ಕಿತ್ತುಬರುವ ಅಪಾಯವಿದೆ. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿದು ಕೂರಿಸಿ, ಚಿಪ್ಪನ್ನು ಸುತ್ತಲೂ ಟಕ್ ಎನ್ನುವವರೆಗೆ ಒತ್ತಿ.

ಇನ್ನೊಂದು ಎಚ್ಚರಿಕೆ: ಹಳೆಯ ಮಾದರಿಯ ಕೆಲವು ಕೀಗಳಲ್ಲಿ ಟ್ರಾನ್ಸ್‌ಪಾಂಡರ್ ಚಿಪ್ ಮುಖ್ಯ ಫಲಕಕ್ಕೆ ಅಂಟಿಕೊಂಡಿರದೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ತುಣುಕಾಗಿ ಅಥವಾ ಗಾಜಿನ ಪುಟ್ಟ ಕೊಳವೆಯಾಗಿ ಚಿಪ್ಪಿನ ಮೂಲೆಯಲ್ಲಿ ಪ್ರತ್ಯೇಕವಾಗಿ ಕೂತಿರುತ್ತದೆ. ಹಳೆಯ ಚಿಪ್ಪನ್ನು ಎಸೆದು ಹೊಸ ಚಿಪ್ಪು ಹಾಕಿಕೊಳ್ಳುವವರು ಅದನ್ನು ಕಸದೊಂದಿಗೆ ಎಸೆದು, ಬಾಗಿಲು ತೆರೆದರೂ ಎಂಜಿನ್ ಚಾಲೂ ಆಗದೆ ಕಂಗಾಲಾಗುತ್ತಾರೆ.

ಹೊಸ ಸೆಲ್ ಹಾಕಿದರೂ ಕೀ ಕೆಲಸ ಮಾಡುತ್ತಿಲ್ಲ. ಏನು ಕಾರಣ?

ಅತಿ ಹೆಚ್ಚು ಜನ ಸೋತು ಕೈಚೆಲ್ಲುವುದು ಇಲ್ಲೇ, ನಾನೂ ಸೋತದ್ದು ಇಲ್ಲೇ. ನನ್ನ ಕೀಗೆ ಹೊಸ ಸೆಲ್ ಹಾಕಿದೆ, ದೀಪ ಮಿನುಗಲಿಲ್ಲ. ಇನ್ನೊಂದು ಸೆಲ್ ಹಾಕಿದೆ, ಆಗಲೂ ಇಲ್ಲ. ಕೀಯ ಫಲಕವೇ ಸುಟ್ಟಿದೆಯೆಂದು ನಂಬಿ ಎರಡು ವಾರ ಲೋಹದ ಕೀಯಿಂದಲೇ ಬಾಗಿಲು ತೆರೆದೆ. ಕೊನೆಗೊಂದು ಭಾನುವಾರ ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ, ಸೆಲ್ಲಿನ ಅಡಿಗೆ ತಾಗಬೇಕಾದ ಎರಡು ತಗಡಿನ ನಾಲಿಗೆಗಳಲ್ಲಿ ಒಂದು ಫಲಕಕ್ಕೆ ಅಂಟಿದಂತೆ ಚಪ್ಪಟೆಯಾಗಿ ಮಲಗಿತ್ತು. ಅದರ ತುದಿಯಲ್ಲಿ ಸಾಸಿವೆಯಷ್ಟು ಹಸಿರು ಕಿಲುಬು. ಹಲ್ಲುಕಡ್ಡಿಯಿಂದ ಆ ನಾಲಿಗೆಯನ್ನು ಒಂದು ಕೂದಲೆಳೆಯಷ್ಟು ಎತ್ತಿ, ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಕಿಲುಬನ್ನು ಒರೆಸಿದೆ. ಸೆಲ್ ಇಟ್ಟು ಗುಂಡಿ ಒತ್ತಿದ ಕೂಡಲೇ ಕೆಳಗೆ ನಿಂತಿದ್ದ ಕಾರಿನ ನಾಲ್ಕೂ ದೀಪ ಮಿಂಚಿದವು.

ಆದ್ದರಿಂದ ಹೊಸ ಸೆಲ್ ಸೋತಾಗ ಮೊದಲು ಸಂಪರ್ಕಗಳನ್ನು ನೋಡಿ. ಸೆಲ್ ತಲೆಕೆಳಗಾಗಿಲ್ಲವಷ್ಟೇ ಎಂದು ಫೋಟೊ ಜೊತೆ ತಾಳೆ ನೋಡಿ. ಕೆಲವು ಸೆಲ್‌ಗಳ ಮೇಲೆ ಅಂಟಿಸಿರುವ ಪಾರದರ್ಶಕ ಹಾಳೆಯನ್ನು ತೆಗೆಯಲು ಮರೆಯುವುದುಂಟು. ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಗುಳಲೆಂದು ಈಗ ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಲೇಪ ಬಳಿಯುತ್ತವೆ. ಉದ್ದೇಶ ಬಹಳ ಒಳ್ಳೆಯದು, ಆದರೆ ತಗಡಿನ ನಾಲಿಗೆ ಆ ಲೇಪ ಇರುವ ಜಾಗಕ್ಕೇ ತಾಗುವ ವಿನ್ಯಾಸದ ಸಾಧನಗಳಲ್ಲಿ ಸಂಪರ್ಕ ತಪ್ಪಬಹುದು. ಹಾಗಾದಾಗ ಲೇಪವಿಲ್ಲದ ಇನ್ನೊಂದು ಸೆಲ್ ಹಾಕಿ ಹೋಲಿಸಬೇಕು. ಬಹುಕಾಲ ದಾಸ್ತಾನಿನಲ್ಲಿದ್ದ ‘ಹೊಸ’ ಸೆಲ್ ಹೊಸದಾಗಿಯೇ ಇರಬೇಕೆಂದಿಲ್ಲ, ಪೊಟ್ಟಣದ ಮೇಲಿನ ದಿನಾಂಕ ಓದಿ. ಇಷ್ಟೆಲ್ಲ ಸರಿಯಿದ್ದು, ದೀಪವೂ ಮಿನುಗಿ, ಕಾರು ಮಾತ್ರ ಓಗೊಡದಿದ್ದರೆ ಮುಂದಿನ ಪ್ರಶ್ನೆಗೆ ಬನ್ನಿ.

ಸೆಲ್ ತೆಗೆದರೆ ಕೀಯ ಪ್ರೋಗ್ರಾಮ್ ಅಳಿಸಿಹೋಗುವುದೇ? ಕೀ ಮತ್ತು ಕಾರಿನ ನಡುವೆ ಹೊಂದಾಣಿಕೆ ತಪ್ಪುವುದು ಎಂದರೇನು?

ಬಹುತೇಕ ಎಲ್ಲ ಕೀಗಳಲ್ಲಿ ಗುರುತಿನ ಮಾಹಿತಿ ವಿದ್ಯುತ್ ಇಲ್ಲದೆಯೂ ಉಳಿಯುವ ಸ್ಮೃತಿಯಲ್ಲಿರುವುದರಿಂದ ಸೆಲ್ ತೆಗೆದ ಮಾತ್ರಕ್ಕೆ ಏನೂ ಅಳಿಸುವುದಿಲ್ಲ. ಹಳೆಯ ಕೆಲವು ಮಾದರಿಗಳಲ್ಲಿ ಮಾತ್ರ ಹೊಂದಾಣಿಕೆಯ ಚಿಕ್ಕ ಕ್ರಮವೊಂದನ್ನು ಮತ್ತೆ ಮಾಡಬೇಕಾಗುತ್ತದೆ.

ಹೊಂದಾಣಿಕೆ ತಪ್ಪುವ ಬಗೆ ಹೀಗೆ. ಕೀ ಪ್ರತಿ ಸಲವೂ ಒಂದೇ ಸಂಕೇತ ಕಳಿಸಿದರೆ ಕಳ್ಳನೊಬ್ಬ ಅದನ್ನು ದಾಖಲಿಸಿಕೊಂಡು ಮತ್ತೆ ಬಿತ್ತರಿಸಬಹುದು. ಹಾಗಾಗದಿರಲೆಂದು ಪ್ರತಿ ಒತ್ತಿಗೂ ಕೀಯೊಳಗಿನ ಎಣಿಕೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಆ ಎಣಿಕೆಯನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳಿಸಲಾಗುತ್ತದೆ. ಕಾರೂ ತನ್ನ ಕಡೆ ಎಣಿಕೆ ಇಟ್ಟುಕೊಂಡಿರುತ್ತದೆ. ಜೇಬಿನಲ್ಲಿ, ಕಚೇರಿಯಲ್ಲಿ, ಮಕ್ಕಳ ಕೈಯಲ್ಲಿ ಕಾರಿಗೆ ಕೇಳಿಸದಷ್ಟು ದೂರದಲ್ಲಿ ಗುಂಡಿ ಒತ್ತಿದಾಗ ಕೀ ಮುಂದೆ ಹೋಗುತ್ತದೆ, ಕಾರು ಹಿಂದೆ ಉಳಿಯುತ್ತದೆ. ಸ್ವಲ್ಪ ಅಂತರವನ್ನು ಕಾರು ಸಹಿಸುತ್ತದೆ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡು ಬಹಳ ಕಾರುಗಳಲ್ಲಿ ಬಳಕೆಯಾದ ಕೀಲಾಕ್ ಎಂಬ ಪದ್ಧತಿಯನ್ನೇ ನೋಡಿ: ಅದರಲ್ಲಿ ಎಣಿಕೆ 16 ಹೆಜ್ಜೆಯೊಳಗೆ ಮುಂದಿದ್ದರೆ ಕಾರು ಕೂಡಲೇ ಒಪ್ಪುತ್ತದೆ, ಅದಕ್ಕಿಂತ ಹೆಚ್ಚಾಗಿ ಸುಮಾರು 32,000 ಹೆಜ್ಜೆಯವರೆಗೆ ಮುಂದಿದ್ದರೆ ಒಂದರ ಹಿಂದೊಂದು ಎರಡು ಸಂಕೇತಗಳನ್ನು ಕೇಳಿಸಿಕೊಂಡು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಆದ್ದರಿಂದ ಕಾರಿನ ಪಕ್ಕದಲ್ಲೇ ನಿಂತು ಒಂದೆರಡು ಸೆಕೆಂಡ್ ಬಿಡುವು ಕೊಟ್ಟು ಗುಂಡಿಯನ್ನು ಕೆಲವು ಸಲ ಒತ್ತಿ. ಅನೇಕ ಕಾರುಗಳಲ್ಲಿ ಅದೇ ಕೀಯಿಂದ ಎಂಜಿನ್ ಒಮ್ಮೆ ಚಾಲೂ ಮಾಡಿದರೂ ಹೊಂದಾಣಿಕೆ ಮರಳುತ್ತದೆ.

ಒಂದು ಜಾಗದಲ್ಲಿ ಮಾತ್ರ ಕೀ ಕೆಲಸ ಮಾಡುವುದಿಲ್ಲ. ಏಕೆ?

ಹಾಗಿದ್ದರೆ ಕೀ ಸರಿಯಿದೆ, ಗಾಳಿ ಸರಿಯಿಲ್ಲ. ಇದೇ ಆವರ್ತನಗಳನ್ನು ಗೇಟಿನ ರಿಮೋಟ್, ಹವಾಮಾನ ತೋರಿಸುವ ಮನೆಬಳಕೆಯ ಯಂತ್ರ, ತಂತಿಯಿಲ್ಲದ ಗಂಟೆ ಮುಂತಾದವೂ ಬಳಸುತ್ತವೆ. ಅವುಗಳಲ್ಲಿ ಒಂದು ಕೆಟ್ಟು ಬಿಡುವಿಲ್ಲದೆ ಸಂಕೇತ ಬಿತ್ತರಿಸತೊಡಗಿದರೆ ಸುತ್ತಲಿನ ಎಲ್ಲ ಕಾರುಗಳ ಕೀಗಳೂ ಮೂಕವಾಗುತ್ತವೆ. ಬಲವಾದ ಪ್ರಸಾರ ಗೋಪುರದ ಬಳಿಯೂ ಹೀಗಾಗುತ್ತದೆ. ಪಕ್ಕದಲ್ಲಿ ಕಾರು ನಿಲ್ಲಿಸಿದವರಿಗೂ ಅದೇ ತೊಂದರೆಯಿದೆಯೇ ಎಂದು ಕೇಳಿದರೆ ವಿಷಯ ಅಲ್ಲೇ ಬಗೆಹರಿಯುತ್ತದೆ. ನಿಮ್ಮ ಕಾರಿಗೆ ಮಾತ್ರ, ಎಲ್ಲ ಜಾಗದಲ್ಲೂ ಆಗುತ್ತಿದ್ದರೆ ಇತ್ತೀಚೆಗೆ ಕಾರಿನೊಳಗೆ ಹೊಸದಾಗಿ ಸಿಕ್ಕಿಸಿದ ಚಾರ್ಜರ್, ಕ್ಯಾಮೆರಾ, ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಕಿತ್ತು ನೋಡಿ. ಕಳಪೆ ಚಾರ್ಜರ್ ಎಬ್ಬಿಸುವ ವಿದ್ಯುತ್ ಗದ್ದಲ ಕಾರಿನ ಸಂಕೇತಗ್ರಾಹಕವನ್ನು ಕಿವುಡು ಮಾಡಬಲ್ಲದು.

ಕೀಯನ್ನು ಮೊಬೈಲಿಗೆ ಅಂಟಿಸಿದಂತೆ ಒಂದೇ ಜೇಬಿನಲ್ಲಿಟ್ಟರೆ ಕೈಯಲ್ಲಿ ಮುಟ್ಟದೆ ಬಾಗಿಲು ತೆರೆಯುವ ಸೌಲಭ್ಯ ಹಿಡಿತ ತಪ್ಪುವುದುಂಟು. ದೂರ ಸಾಲದಿದ್ದಾಗ ಕೀಯನ್ನು ತಲೆಯೆತ್ತರಕ್ಕೆ ಹಿಡಿದು, ಅಥವಾ ಗದ್ದಕ್ಕೆ ತಾಗಿಸಿ ಒತ್ತಿದರೆ ಕೆಲವು ಮೀಟರ್ ಹೆಚ್ಚು ಸಿಗುತ್ತದೆ. ನೀರಿನಂಶ ತುಂಬಿದ ನಮ್ಮ ತಲೆ ಆಂಟೆನಾಕ್ಕೆ ಒತ್ತಾಸೆಯಾಗುತ್ತದೆ. ಇದು ಕಟ್ಟುಕಥೆಯಲ್ಲ, ಸೆಲ್ ಸೋತ ದಿನ ಉಪಯೋಗಕ್ಕೆ ಬರುವ ಉಪಾಯ.

ಒಂದು ಗುಂಡಿ ಮಾತ್ರ ಕೆಲಸ ಮಾಡುವುದಿಲ್ಲ. ಸೆಲ್ ಬದಲಿಸಲೇ?

ಬೇಡ. ಉಳಿದ ಗುಂಡಿಗಳು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಸೆಲ್ಲಿನ ತಪ್ಪಿಲ್ಲ. ಬೀಗ ತೆರೆಯುವ ಗುಂಡಿಯೇ ಅತಿ ಹೆಚ್ಚು ಸವೆಯುವುದು. ರಬ್ಬರ್ ಹಾಳೆಯ ಅಡಿಯಲ್ಲಿ ಕಪ್ಪು ಇಂಗಾಲದ ಬಿಲ್ಲೆಯಿರುವ ಮಾದರಿಯಾದರೆ ಆ ಬಿಲ್ಲೆಯನ್ನೂ ಅದು ತಾಗುವ ಜಾಗವನ್ನೂ ಆಲ್ಕೊಹಾಲಿನಿಂದ ಒರೆಸಿದರೆ ಎಷ್ಟೋ ಸಲ ಮರಳಿ ಬರುತ್ತದೆ. ಕ್ಲಿಕ್ ಎನ್ನುವ ಪುಟ್ಟ ಸ್ವಿಚ್ ಇರುವ ಮಾದರಿಯಲ್ಲಿ ಸ್ವಿಚ್ಚೇ ಸವೆದಿರುತ್ತದೆ, ಇಲ್ಲವೇ ಕೀ ಬಿದ್ದ ಪೆಟ್ಟಿಗೆ ಅದರ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಬೆಸುಗೆಯಲ್ಲಿ ಕೈ ಪಳಗಿದವರಿಗೆ ಅದು ಕೆಲವೇ ನಿಮಿಷದ ಕೆಲಸ. ಹೊಸ ಕೀ ಬೇಕೆಂದು ಯಾರಾದರೂ ಹೇಳಿದರೆ, ಸ್ವಿಚ್ ಮಾತ್ರ ಬದಲಿಸಲಾಗುವುದೇ ಎಂದು ಅವಶ್ಯವಾಗಿ ಕೇಳಿ.

ಎಲ್ಲ ಬಾಗಿಲುಗಳೂ ತೆರೆದು ಒಂದು ಮಾತ್ರ ತೆರೆಯದಿದ್ದರೆ ಅದು ಆ ಬಾಗಿಲಿನ ಮೋಟಾರ್ ಅಥವಾ ತಂತಿಯ ದೋಷ. ಕೀಗೂ ಅದಕ್ಕೂ ಸಂಬಂಧವಿಲ್ಲ.

ಕೀ ನೀರಿಗೆ ಬಿದ್ದಿದೆ. ಏನು ಮಾಡಲಿ?

ಗುಂಡಿ ಒತ್ತಿ ಪರೀಕ್ಷಿಸುವ ಆಸೆಯನ್ನು ತಡೆದುಕೊಳ್ಳಿ. ಮೊದಲ ಕೆಲಸ ಸೆಲ್ ತೆಗೆಯುವುದು, ಏಕೆಂದರೆ ಫಲಕವನ್ನು ತಿನ್ನುವುದು ಬರೀ ನೀರಲ್ಲ, ನೀರಿನೊಂದಿಗೆ ಹರಿಯುವ ವಿದ್ಯುತ್ತು. ಬಿದ್ದದ್ದು ಸಮುದ್ರದ ನೀರು, ಕೆಸರು ಅಥವಾ ಸಾಬೂನಿನ ನೀರಾಗಿದ್ದರೆ ಫಲಕವನ್ನು ಶುದ್ಧ ನೀರಿನಲ್ಲಿ ತೊಳೆಯಲೇಬೇಕು. ಉಪ್ಪು ಒಣಗಿ ಉಳಿದರೆ ವಾರಗಳ ನಂತರ ಕಿಲುಬು ಹಿಡಿಸುತ್ತದೆ. ಬಳಿಕ ಆಲ್ಕೊಹಾಲಿನಲ್ಲಿ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಬಿಚ್ಚಿಟ್ಟಂತೆಯೇ ಒಂದೆರಡು ದಿನ ಒಣಗಿಸಿ. ಅಕ್ಕಿಯ ಡಬ್ಬಿಯಲ್ಲಿ ಹೂಳುವುದರಿಂದ ಗಾಳಿಯಲ್ಲಿ ಒಣಗಿಸುವುದಕ್ಕಿಂತ ಹೆಚ್ಚಿನ ಲಾಭವೇನೂ ಇಲ್ಲ, ಧೂಳು ಮಾತ್ರ ಸೇರುತ್ತದೆ. ಬಿಸಿಗಾಳಿಯ ಯಂತ್ರವೂ ಬೇಡ. ಹಾಕುವಾಗ ಹೊಸ ಸೆಲ್ ಹಾಕಿ.

ಸೆಲ್ ಬೇಗ ಬೇಗ ಮುಗಿಯುತ್ತಿದೆ. ಕಾರಣವೇನು?

ಕೈಯಲ್ಲಿ ಮುಟ್ಟದೆ ತೆರೆಯುವ ಮಾದರಿಯ ಕೀಯನ್ನು ಕಾರಿನ ಪಕ್ಕದ ಗೋಡೆಗೆ ನೇತುಹಾಕುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿ. ಕಾರು ಕರೆದಾಗಲೆಲ್ಲ ಕೀ ಎಚ್ಚೆತ್ತು ಉತ್ತರ ಕೊಡುತ್ತಿರುತ್ತದೆ, ಕೀಯ ಸೆಲ್ಲಿನ ಜೊತೆಗೆ ಕಾರಿನ ಬ್ಯಾಟರಿಯೂ ಸವೆಯುತ್ತದೆ. ಟಿವಿ, ಕಂಪ್ಯೂಟರ್, ಚಾರ್ಜರ್‌ಗಳ ಪಕ್ಕದಲ್ಲಿಟ್ಟರೂ ಅವುಗಳ ಗದ್ದಲವನ್ನು ಕರೆಯೆಂದು ಭ್ರಮಿಸಿ ಕೀ ಮತ್ತೆ ಮತ್ತೆ ಎಚ್ಚರಗೊಳ್ಳುತ್ತದೆ. ಕಾರಿನಿಂದ ಕೆಲವು ಮೀಟರ್ ದೂರ, ವಿದ್ಯುತ್ ಉಪಕರಣಗಳಿಲ್ಲದ ಕಡೆ ಇಡುವುದು ಒಳ್ಳೆಯದು. ಹಾಗೆ ದೂರವಿಟ್ಟರೆ ಕೀಯ ಸಂಕೇತವನ್ನು ಯಂತ್ರದಿಂದ ಹಿಗ್ಗಿಸಿ ಕಾರು ಕದಿಯುವವರಿಗೂ ಸ್ವಲ್ಪ ತಡೆಯಾಗುತ್ತದೆ. ಲೋಹದ ಪದರವಿರುವ ಚೀಲದಲ್ಲಿಟ್ಟರೆ ತಡೆ ಇನ್ನೂ ಗಟ್ಟಿ. ಇದೊಂದೂ ಅಲ್ಲವಾದರೆ ಬಿಗಿ ಕವಚದಲ್ಲಿ ಸಿಲುಕಿ ಗುಂಡಿಯೊಂದು ಸದಾ ಒತ್ತಿಕೊಂಡೇ ಇದೆಯೇ ನೋಡಿ.

ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದರೆ ಕೀ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದೇ?

ಇಲ್ಲ. ಆ ಪರೀಕ್ಷೆ ಅವಕೆಂಪು ಬೆಳಕು ಬಳಸುವ ಟಿವಿ ರಿಮೋಟಿಗೆ ಮಾತ್ರ. ಇಂದಿನ ಕಾರುಗಳು ಬಾಗಿಲಿಗೆ ರೇಡಿಯೊ ಅಲೆ ಬಳಸುವುದರಿಂದ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ.

ಕಾರಿನ ಬ್ಯಾಟರಿ ಇಳಿದಿದೆಯೋ ಕೀ ಕೆಟ್ಟಿದೆಯೋ ಎಂದು ಹೇಗೆ ಬೇರ್ಪಡಿಸುವುದು?

ಲೋಹದ ಕೀಯಿಂದ ಬಾಗಿಲು ತೆರೆದಾಗ ಒಳದೀಪ ಹತ್ತದಿದ್ದರೆ ಅಥವಾ ಮಂಕಾಗಿದ್ದರೆ, ಹಾರ್ನ್ ಕೀರಲು ಸ್ವರದಲ್ಲಿ ಕೂಗಿದರೆ, ತಪ್ಪು ಬ್ಯಾಟರಿಯದು. ರಾತ್ರಿಯಿಡೀ ವಿಶ್ರಾಂತಿಯಲ್ಲಿದ್ದ ಆರೋಗ್ಯವಂತ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. 12ರ ಕೆಳಗಿದ್ದರೆ ಅದು ಬಹುಪಾಲು ಖಾಲಿ. ವಾರಗಟ್ಟಲೆ ಓಡಿಸದೆ ನಿಲ್ಲಿಸಿದ ಕೆಲವು ಕಾರುಗಳು ಬ್ಯಾಟರಿ ಉಳಿಸಲೆಂದು ಕೀಯನ್ನು ಹುಡುಕುವ ಕೆಲಸವನ್ನೇ ಕಡಿಮೆ ಮಾಡುತ್ತವೆ, ಆಗ ಹಿಡಿ ಮುಟ್ಟಿದರೆ ತೆರೆಯದ ಬಾಗಿಲು ಕೀಯ ಗುಂಡಿ ಒತ್ತಿದರೆ ತೆರೆಯುತ್ತದೆ.

ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಚಾಲೂ ಆಗುವುದಿಲ್ಲ, ಕೀ ಚಿತ್ರದ ದೀಪ ಮಿನುಗುತ್ತದೆ. ಅದರ ಅರ್ಥವೇನು?

ಇಮ್ಮೊಬಿಲೈಜರಿಗೆ ಟ್ರಾನ್ಸ್‌ಪಾಂಡರ್ ಚಿಪ್‌ನ ಗುರುತು ಸಿಗುತ್ತಿಲ್ಲ. ಒಂದೇ ಬಳೆಯಲ್ಲಿ ಇನ್ನೊಂದು ಕಾರಿನ ಅಥವಾ ಬೈಕಿನ ಚಿಪ್ ಇರುವ ಕೀಯೂ ಇದ್ದರೆ ಎರಡೂ ಒಟ್ಟಿಗೆ ಉತ್ತರಿಸಿ ಗೊಂದಲವಾಗುತ್ತದೆ. ಬಳೆಯಿಂದ ಕೀಯನ್ನು ಬಿಡಿಸಿ ಒಂದನ್ನೇ ಬಳಸಿ ನೋಡಿ. ಆಗಲೂ ಆಗದೆ, ಎರಡನೆಯ ಕೀಯಲ್ಲಿ ಚಾಲೂ ಆದರೆ ಮೊದಲ ಕೀಯ ಚಿಪ್ ಕೆಟ್ಟಿದೆ ಅಥವಾ ಬಿದ್ದುಹೋಗಿದೆ.

ಹೊಸ ಕೀ ಕೊಳ್ಳಲೇಬೇಕಾದರೆ ಏನು ಗಮನಿಸಬೇಕು?

ಆವರ್ತನ ಹೊಂದಬೇಕು. ನೋಡಲು ಒಂದೇ ಥರ ಇರುವ ಎರಡು ಕೀಗಳಲ್ಲಿ ಒಂದು 315, ಇನ್ನೊಂದು 433.92 ಮೆಗಾಹರ್ಟ್ಸಿನದಾಗಿರಬಹುದು, ಹೊಂದದ್ದನ್ನು ಎಷ್ಟು ಪ್ರೋಗ್ರಾಮ್ ಮಾಡಿದರೂ ಕಾರಿಗೆ ಕೇಳಿಸದು. ಬೇರೊಬ್ಬರು ಬಳಸಿದ ಕೀ ಅಗ್ಗವಾಗಿ ಸಿಕ್ಕಿತೆಂದು ಕೊಳ್ಳುವ ಮುನ್ನ ಯೋಚಿಸಿ. ಅನೇಕ ಕೀಗಳು ಮೊದಲ ಕಾರಿಗೆ ಜೋಡಣೆಯಾದ ಮೇಲೆ ಬೀಗ ಹಾಕಿಕೊಂಡು ಬೇರೆ ಕಾರಿಗೆ ಒಗ್ಗುವುದೇ ಇಲ್ಲ. ಕೆಲವು ಹಳೆಯ ಕಾರುಗಳಿಗೆ ಮಾಲೀಕರೇ ಕೈಪಿಡಿ ನೋಡಿ ಕೀ ಜೋಡಿಸಬಹುದು. ಈಚಿನವುಗಳಿಗೆ ಸ್ಟೀರಿಂಗಿನ ಕೆಳಗಿನ ರೋಗಪತ್ತೆ ಕಿಂಡಿಗೆ ಯಂತ್ರ ಜೋಡಿಸಿ, ಗುಪ್ತಸಂಖ್ಯೆ ಕೊಟ್ಟು ಮಾಡಬೇಕಾಗುತ್ತದೆ. ಜೋಡಿಸಲು ಹೋಗುವಾಗ ನಿಮ್ಮ ಬಳಿ ಉಳಿದಿರುವ ಎಲ್ಲ ಕೀಗಳನ್ನೂ ಒಯ್ಯಿರಿ, ಏಕೆಂದರೆ ಕೆಲವು ಕಾರುಗಳಲ್ಲಿ ಹೊಸ ಜೋಡಣೆಯ ವೇಳೆ ಹಾಜರಿಲ್ಲದ ಕೀಗಳು ಪಟ್ಟಿಯಿಂದ ಅಳಿಯುತ್ತವೆ. ಹಳೆಯ ಕೀ ಕಳೆದುಹೋಗಿದ್ದರೆ ಅದನ್ನು ಪಟ್ಟಿಯಿಂದ ತೆಗೆಸುವುದನ್ನು ಮರೆಯಬೇಡಿ. ಸಿಕ್ಕವರ ಕೈಯಲ್ಲಿ ಅದು ಇನ್ನೂ ನಿಮ್ಮ ಕಾರಿನ ಕೀಯೇ.

ತೆಗೆದ ಹಳೆಯ ಸೆಲ್ಲನ್ನು ಏನು ಮಾಡಬೇಕು?

ಕೀಗೆ ಸಾಲದ ಸೆಲ್ ಕೂಡ ಮಗುವಿನ ಅನ್ನನಾಳವನ್ನು ಸುಡುವಷ್ಟು ವಿದ್ಯುತ್ತನ್ನು ಹೊಂದಿರುತ್ತದೆ. ನುಂಗಿದ ಸೆಲ್ ಗಂಟಲಿನಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಭೀಕರ ಗಾಯವಾಗಬಹುದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರವಾಗಿ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು. ಆದ್ದರಿಂದ ಸೆಲ್ ಬದಲಿಸುವಾಗ ಹಳೆಯದನ್ನು ಮೇಜಿನ ಮೇಲೆ ಬಿಡಬೇಡಿ. ತೆಗೆದ ಕ್ಷಣವೇ ಎರಡೂ ಮುಖಗಳಿಗೆ ಅಂಟುಪಟ್ಟಿ ಸುತ್ತಿ, ಮಕ್ಕಳ ಕೈಗೆ ಎಟುಕದ ಡಬ್ಬಿಯಲ್ಲಿಟ್ಟು, ಮನೆಯ ಕಸಕ್ಕೆ ಸೇರಿಸದೆ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವ ಕಡೆ ಕೊಡಿ. ಚಿಪ್ಪಿನ ಅಂಚು ಸವೆದು ಕೀ ತಾನಾಗಿ ಬಿಚ್ಚಿಕೊಳ್ಳುವಂತಾಗಿದ್ದರೆ ಚಿಪ್ಪನ್ನೂ ಬದಲಿಸಿ.